ಹಿಂಭಾರ

ಆ ದಿನ ಬೆಳಿಗ್ಗೆ ಶಿರಸಿಯಿಂದ ಹೊರಡುವಾಗ ಟ್ರಾಲಿಯ ಮೂತಿಯನ್ನು ನಾನೊಬ್ಬನೇ ಎತ್ತಿ ಪಿಕಪ್ಪಿನ ಹುಕ್ಕಿಗೆ ಸಿಗಿಸಿದ್ದೆ. ಜಾಕ್ ಕೂಡ ಬೇಕಾಗಲಿಲ್ಲ. ಹದಿನೇಳು ಕ್ವಿಂಟಲ್ ಭಾರದ ಟ್ರಾಲಿ, ಒಬ್ಬನ ಕೈಗೆ ಇಷ್ಟು ಹಗುರವಾಗಿ ಬಂತಲ್ಲ ಅಂತ ಖುಷಿಯಾಗಿತ್ತು. ಅದು ಖುಷಿಪಡುವ ವಿಷಯ ಅಲ್ಲ, ಹೆದರುವ ವಿಷಯ ಅಂತ ಗೊತ್ತಾಗಿದ್ದು ಮಧ್ಯಾಹ್ನ, ಮಿರ್ಜಾನ ದಾಟಿದ ಮೇಲೆ.

ನಮ್ಮದು ಶಾಮಿಯಾನ, ಲೈಟು, ಜನರೇಟರ್ ಬಾಡಿಗೆಗೆ ಕೊಡುವ ಕೆಲಸ. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯುವ ತನಕ ಬಿಡುವೇ ಇಲ್ಲ. ಮದುವೆ, ಉಪನಯನ, ತೇರು, ಬಯಲಾಟ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೆ ಆಗುತ್ತದೆ ಅಂತಲೇ 40 ಕೆವಿಎ ಜನರೇಟರ್ ಒಂದನ್ನು ತೆಗೆದುಕೊಂಡಿದ್ದೆ. ಅದೇ ಹನ್ನೊಂದು ಕ್ವಿಂಟಲ್ ತೂಗುತ್ತದೆ. ಎರಡು ಗಾಲಿಯ ಟ್ರಾಲಿ ಇನ್ನೊಂದು ನಾಲ್ಕು ಕ್ವಿಂಟಲ್. ಟ್ಯಾಂಕಿನಲ್ಲಿ ನೂರು ಲೀಟರ್ ಡೀಸೆಲ್ ಅಂದರೆ ಎಂಬತ್ತು ಕೆಜಿಗೂ ಜಾಸ್ತಿ. ಮೇಲೆ ಕೇಬಲ್ ಸುತ್ತಿದ ಎರಡು ಡ್ರಮ್. ಜಾತ್ರೆಯಲ್ಲಿ ಓಡಾಟವೆಲ್ಲ ಊರೊಳಗೇ, ನಿಧಾನ. ಹಾಗಾಗಿ ಟ್ರಾಲಿಯ ನಿಜವಾದ ಗುಣ ನನಗೆ ಗೊತ್ತೇ ಆಗಿರಲಿಲ್ಲ.

ಫೆಬ್ರವರಿಯ ಆ ರಾತ್ರಿ ಗೋಕರ್ಣದ ಹತ್ತಿರದ ಹಳ್ಳಿಯೊಂದರಲ್ಲಿ ಬಯಲಾಟ, ಜೊತೆಗೆ ದೇವಸ್ಥಾನದ ದೀಪಾಲಂಕಾರ. ಅಂದರೆ ಮೊದಲ ಸಲ ಈ ಟ್ರಾಲಿಯನ್ನು ಎಳೆದುಕೊಂಡು ದೇವಿಮನೆ ಘಟ್ಟ ಇಳಿಯಬೇಕು. ನನ್ನ ಸೋದರಮಾವ ಆಗ ನಮ್ಮ ಮನೆಗೆ ಬಂದಿದ್ದರು. ಕುಮಟಾ ಕಡೆಯವರು. ಚಿಕ್ಕಂದಿನಲ್ಲಿ ಎತ್ತಿನ ಗಾಡಿ, ಆಮೇಲೆ ಮೂವತ್ತು ವರ್ಷ ಲಾರಿ. "ನಾನೂ ಊರಿಗೆ ಹೋಗ್ಬೇಕಲ, ನಿನ್ನ ಜೊತೆಗೇ ಬರ್ತೆ" ಅಂದರು. ಅವರು ಬಾರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಒಮ್ಮೊಮ್ಮೆ ರಾತ್ರಿ ಯೋಚನೆ ಬರುತ್ತದೆ.

ರಾಗಿಹೊಸಳ್ಳಿ ತನಕ ತೊಂದರೆ ಇರಲಿಲ್ಲ. ದೇವಿಮನೆಯಲ್ಲಿ ಗಾಡಿ ನಿಲ್ಲಿಸಿ ಕೈಮುಗಿದೆವು. ಮಾವ ಕೈಮುಗಿದವರು ಸೀದಾ ಟ್ರಾಲಿಯ ಸುತ್ತ ಒಂದು ಸುತ್ತು ಬಂದರು. ಟೈರು ಒತ್ತಿ ನೋಡಿದರು. ಹುಕ್ಕಿನ ಪಿನ್ ಎಳೆದು ನೋಡಿದರು. ಸೇಫ್ಟಿ ಚೈನು ಎರಡೂ ಉದ್ದಕ್ಕೆ ಜೋತು ಬಿದ್ದಿದ್ದವು. ಅದನ್ನು ಬಿಚ್ಚಿಸಿ, ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ, ಮೂತಿಯ ಅಡಿಯಲ್ಲಿ ಅಡ್ಡಡ್ಡ ಹಾಯಿಸಿ ಹಾಕಿಸಿದರು. ಹಾಗೆ ಹಾಕಿದರೆ ಅಕಸ್ಮಾತ್ ಪಿನ್ ಕಳಚಿದರೂ ಮೂತಿ ನೆಲಕ್ಕೆ ಕುತ್ತಿಕೊಳ್ಳುವುದಿಲ್ಲ. ಚೈನಿನ ತೊಟ್ಟಿಲಲ್ಲಿ ಕೂರುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲ ಇರಬೇಕು, ರಸ್ತೆಗೆ ತಾಗದಷ್ಟು ಮೇಲಿರಬೇಕು.

"ಇದಕ್ಕೆ ಬ್ರೇಕ್ ಇದೆಯನೋ?" ಅಂದರು.

"ಇಲ್ಲ ಮಾವ, ಪಿಕಪ್ಪಿಂದೇ."

ಅವರು ಏನೂ ಹೇಳಲಿಲ್ಲ. ಒಳಗೆ ಕೂತು, "ಸೆಕೆಂಡ್ ಗೇರ್ ಹಾಕು. ಕೆಳಗೆ ಮುಟ್ಟೋ ತನಕ ಅದನ್ನ ಬದಲಾಯಿಸಬೇಡ" ಅಂದರು.

ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು. ಘಟ್ಟದ ಡ್ರೈವರ್‌ಗಳೆಲ್ಲ ಹೇಳುವ ಮಾತು. ಖಾಲಿ ಪಿಕಪ್ಪಿನಲ್ಲಿ ಹತ್ತಾರು ಸಲ ಇಳಿದವನಿಗೆ ಆ ಮಾತಿನ ಬೆಲೆ ಗೊತ್ತಾಗುವುದಿಲ್ಲ. ಹಿಂದೆ ಹದಿನೇಳು ಕ್ವಿಂಟಲ್ ತಳ್ಳುವಾಗ ಗೊತ್ತಾಗುತ್ತದೆ. ಮೊದಲ ದೊಡ್ಡ ತಿರುವಿನಲ್ಲೇ ಬೆನ್ನಿಗೆ ಯಾರೋ ಕೈಯಿಟ್ಟು ನೂಕಿದ ಹಾಗಾಯಿತು. ಟ್ರಾಲಿಗೆ ತನ್ನದೇ ಬ್ರೇಕ್ ಇಲ್ಲ ಅಂದರೆ ಅಷ್ಟೂ ಭಾರವನ್ನು ಪಿಕಪ್ಪಿನ ಬ್ರೇಕೇ ಹಿಡಿಯಬೇಕು. ನಾನು ಹೆದರಿ ಪೆಡಲ್ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದೆ. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಸುಟ್ಟ ವಾಸನೆ ಬಂತು.

"ಕಾಲು ತೆಗಿ. ಒತ್ತು, ಸ್ಪೀಡ್ ಇಳಿಸು, ಬಿಡು. ಮತ್ತೆ ಜಾಸ್ತಿ ಆದ್ರೆ ಮತ್ತೆ ಒತ್ತು. ಸದಾ ಒತ್ಕೊಂಡೇ ಇದ್ರೆ ಅದಕ್ಕೆ ಉಸಿರು ಬಿಡೋಕೆ ಪುರುಸೊತ್ತು ಬೇಡ್ವಾ?"

ಅಗಲ ಇರುವ ಜಾಗ ನೋಡಿ ಇಪ್ಪತ್ತು ನಿಮಿಷ ನಿಲ್ಲಿಸಿದೆವು. ಬ್ರೇಕ್ ಜಾಸ್ತಿ ಬಿಸಿಯಾದರೆ ಲೈನರ್ ಹಿಡಿತ ಬಿಡುತ್ತದೆ. ಬ್ರೇಕ್ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲದ ತನಕ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಬಿಸಿ ಚಕ್ರಕ್ಕೆ ನೀರು ಸುರಿಯೋಣ ಅಂತ ನಾನು ಕ್ಯಾನ್ ತೆಗೆದಿದ್ದೆ. ಮಾವ ಬಿಡಲಿಲ್ಲ. ಕಾದ ಕಬ್ಬಿಣಕ್ಕೆ ಒಮ್ಮೆಲೇ ತಣ್ಣೀರು ಬಿದ್ದರೆ ಚಕ್ರದೊಳಗಿನ ಬ್ರೇಕ್ ಡ್ರಮ್ಮು ಸೀಳಬಹುದು. ತಾನಾಗೇ ಆರಬೇಕು. ಸುಮ್ನೆ ಕೂತೆವು. ಕಾಡಿನಲ್ಲಿ ಎಲೆ ಉದುರುವ ಸದ್ದು ಬಿಟ್ಟರೆ ಬೇರೇನಿರಲಿಲ್ಲ.

ಉಳಿದ ಘಟ್ಟವನ್ನು ಅವರು ಹೇಳಿದ ಹಾಗೆ ಇಳಿದೆ. ತಿರುವಿನಲ್ಲಿ ಟ್ರಾಲಿಯ ಗಾಲಿ ಪಿಕಪ್ಪಿನ ಗಾಲಿ ಹೋದ ದಾರಿಯಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಹಾಗಾಗಿ ಚರಂಡಿ ಬದಿಯ ತಿರುವಿನಲ್ಲಿ ಸ್ವಲ್ಪ ಹೊರಗೆ ಹೋಗಿ ತಿರುಗಿಸಬೇಕು. ಕತಗಾಲದಲ್ಲಿ ಚಹಾ ಕುಡಿಯುವಾಗ ಕೈ ನಡುಗುವುದು ನಿಂತಿತ್ತು. ಕಷ್ಟದ್ದು ಮುಗಿಯಿತು, ಇನ್ನು ಸಪಾಟು ರಸ್ತೆ ಅಂದುಕೊಂಡೆ.

ದೀವಗಿಯಲ್ಲಿ ಹೆದ್ದಾರಿ ಸೇರಿದೆವು. ಅಘನಾಶಿನಿ ಸೇತುವೆ, ಮಿರ್ಜಾನ ಕೋಟೆಯ ಕಡೆ ಹೋಗುವ ದಾರಿ, ಎಲ್ಲ ದಾಟಿತು. ರಸ್ತೆ ಅಗಲ, ನೇರ. ಬೆಳಿಗ್ಗೆಯಿಂದ ತಡವಾಗಿತ್ತು. ಸ್ಪೀಡೋಮೀಟರ್ ಅರವತ್ತೈದು ತೋರಿಸುತ್ತಿತ್ತು. ಸಣ್ಣ ಇಳಿಜಾರು. ಹಿಂದಿನಿಂದ ಒಂದು ಬಸ್ಸು ಬಲಗಡೆಯಿಂದ ಓವರ್‌ಟೇಕ್ ಮಾಡಿತು. ಅದರ ಗಾಳಿ ಬಡಿಯಿತು, ಅಷ್ಟೇ.

ಮೊದಲು ಟೈರ್ ಪಂಕ್ಚರ್ ಅಂದುಕೊಂಡೆ. ಪಿಕಪ್ಪಿನ ಹಿಂಭಾಗ ಎಡಕ್ಕೆ ಸರಿಯಿತು, ಆಮೇಲೆ ಬಲಕ್ಕೆ. ನೇರ ಹೋಗುವಾಗ ಕನ್ನಡಿಯಲ್ಲಿ ಜನರೇಟರಿನ ಅಂಚು ಮಾತ್ರ ಕಾಣಬೇಕು. ಈಗ ಎಡಗನ್ನಡಿಯಲ್ಲಿ ಇಡೀ ಹಳದಿ ಡಬ್ಬ ಕಾಣಿಸಿ ಮಾಯವಾಯಿತು. ತಕ್ಷಣ ಬಲಗನ್ನಡಿಯಲ್ಲಿ ಕಾಣಿಸಿತು. ಮತ್ತೆ ಎಡಕ್ಕೆ. ಪ್ರತಿ ಸಲ ಹಿಂದಿನ ಸಲಕ್ಕಿಂತ ಜಾಸ್ತಿ. ಸ್ಟೇರಿಂಗ್ ಕೈಯಲ್ಲಿ ಹತ್ತಿಯ ಹಾಗೆ ಹಗುರವಾಗಿತ್ತು. ಟ್ರಾಲಿ ಎಡಕ್ಕೆ ಹೋದಾಗ ನಾನು ಬಲಕ್ಕೆ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಅದು ಬಲಕ್ಕೆ ಬಂದಿರುತ್ತಿತ್ತು. ನಾನು ಸರಿಮಾಡಲು ಹೋದಷ್ಟೂ ಅದರ ತೂಗಾಟ ಏರುತ್ತಿತ್ತು. ಕಾಲು ಬ್ರೇಕಿನ ಮೇಲೆ ಹೋಗಿತ್ತು.

"ಬ್ರೇಕ್ ಬೇಡ!" ಮಾವ ಕೂಗಿದರು. ಅವರು ಕೂಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಎಕ್ಸಲೇಟರ್ ಬಿಡು. ಸ್ಟೇರಿಂಗ್ ನೆಟ್ಟಗೆ ಹಿಡಿ. ಏನೂ ಮಾಡಬೇಡ."

ಏನೂ ಮಾಡದೇ ಕೂರುವುದು ನಾನು ಜೀವನದಲ್ಲಿ ಮಾಡಿದ ಅತಿ ಕಷ್ಟದ ಕೆಲಸ. ಎರಡೂ ಕೈಯಲ್ಲಿ ಸ್ಟೇರಿಂಗನ್ನು ಗಟ್ಟಿಯಾಗಿ ನೇರ ಹಿಡಿದೆ. ಕಾಲು ಎತ್ತಿದೆ. ಅರವತ್ತು, ಐವತ್ತೈದು, ಐವತ್ತು. ತೂಗಾಟ ಸಣ್ಣದಾಯಿತು. ನಲವತ್ತಕ್ಕೆ ಬರುವಾಗ ಹಳದಿ ಡಬ್ಬ ಕನ್ನಡಿಯ ಅಂಚಿಗೆ ಹೋಗಿ ನಿಂತಿತು. ಆಮೇಲೆ ಮೆಲ್ಲಗೆ ಬ್ರೇಕ್ ಒತ್ತಿ ಎಡಕ್ಕೆ ನಿಲ್ಲಿಸಿದೆ. ಆ ಹೊತ್ತಿಗೆ ಪಕ್ಕದಲ್ಲಿ ಒಂದು ಸ್ಕೂಟರ್ ಇರಲಿಲ್ಲ. ಇದ್ದಿದ್ದರೆ ಅನ್ನುವ ಮಾತನ್ನು ನಾನು ಇಲ್ಲಿಯವರೆಗೆ ಮನೆಯಲ್ಲಿ ಯಾರ ಹತ್ತಿರವೂ ಆಡಿಲ್ಲ.

ಆವತ್ತು ಬ್ರೇಕ್ ಒತ್ತಿ ತುಳಿದಿದ್ದರೆ ಪಿಕಪ್ ನಿಧಾನ ಆಗುತ್ತಿತ್ತು, ಬ್ರೇಕ್ ಇಲ್ಲದ ಟ್ರಾಲಿ ನಿಧಾನ ಆಗುತ್ತಿರಲಿಲ್ಲ. ಅದು ಓರೆಯಾಗಿ ಹಿಂದಿನಿಂದ ನೂಕುತ್ತಿತ್ತು. ಮೊಣಕೈ ಮಡಚಿದ ಹಾಗೆ ಎರಡೂ ಹುಕ್ಕಿನ ಹತ್ತಿರ ಮಡಚಿಕೊಳ್ಳುತ್ತಿದ್ದವು.

ಮಾವ ಇಳಿದು ಹೋಗಿ ಟ್ರಾಲಿಯ ಮೂತಿಗೆ ಕೈ ಹಾಕಿದರು. ಪಿನ್ ತೆಗೆಯದೇ ಸುಮ್ನೆ ಮೇಲಕ್ಕೆ ಎತ್ತಿ ನೋಡಿದರು. ಎಪ್ಪತ್ತು ದಾಟಿದ ಮುದುಕರ ಕೈಯಲ್ಲಿ ಮೂತಿ ಮೇಲೆದ್ದು ಹುಕ್ಕಿಗೆ ಟಣ್ ಅಂತ ಬಡಿಯಿತು.

"ಇದು ಹಿಂಭಾರ ತಮಾ," ಅಂದರು. "ಗಾಡಿ ಹೇರೋಕೆ ಬರೋದಿಲ್ಲಲ್ಲೋ ನಿಂಗೆ."

ರಸ್ತೆ ಬದಿಯಲ್ಲೇ ನಿಂತು ಅವರು ಹೇಳಿದ್ದು ಎತ್ತಿನ ಗಾಡಿಯ ಕಥೆ. ಅವರ ಅಪ್ಪ ಸಾಣಿಕಟ್ಟೆಯ ಆಗರದಿಂದ ಉಪ್ಪಿನ ಚೀಲ ಹೇರಿಕೊಂಡು ಬರುತ್ತಿದ್ದರಂತೆ. ಚೀಲ ಹಿಂದೆ ಜಾಸ್ತಿಯಾದರೆ ನೊಗ ಕಟ್ಟಿದ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಹೆಗಲು ಬಿಡುತ್ತದೆ, ಕೊರಳ ಹಗ್ಗ ಬಿಗಿದು ಎತ್ತಿಗೆ ಉಸಿರು ಕಟ್ಟುತ್ತದೆ. ಮುಂದೆ ಜಾಸ್ತಿಯಾದರೆ ಹೆಗಲು ಕಿತ್ತುಹೋಗುತ್ತದೆ. ಏರು ಬಂದಾಗ ಹುಡುಗ ಮಾವನನ್ನು ಮುಂದೆ ಮೂಕಿಯ ಹತ್ತಿರ ಕೂರಿಸುತ್ತಿದ್ದರು. ಇಳಿಜಾರು ಬಂದಾಗ ಹಿಂದಕ್ಕೆ ಕಳಿಸುತ್ತಿದ್ದರು. "ನಾನೇ ಅವರ ತೂಕದ ಕಲ್ಲು" ಅಂದರು. ನೊಗ ಹೆಗಲ ಮೇಲೆ ಕೂತಿರಬೇಕು, ಒತ್ತಬಾರದು, ಬಿಡಲೂ ಬಾರದು. ಪಿಕಪ್ಪಿಗೂ ಅದೇ. ಮೂತಿ ಹುಕ್ಕಿನ ಮೇಲೆ ಭಾರ ಬಿಟ್ಟು ಕೂತರೆ ಟ್ರಾಲಿ ಹೇಳಿದ ಮಾತು ಕೇಳುತ್ತದೆ. ಹಿಂಭಾರವಾದರೆ ಪಿಕಪ್ಪಿನ ಹಿಂದಿನ ಗಾಲಿಯನ್ನೇ ಮೇಲಕ್ಕೆ ಎತ್ತುತ್ತದೆ, ಹಿಡಿತ ಹೋಗುತ್ತದೆ, ಬಾಲ ತನ್ನಿಷ್ಟದಂತೆ ಆಡುತ್ತದೆ. ಊರೊಳಗೆ ಇಪ್ಪತ್ತು ಮೂವತ್ತರ ವೇಗದಲ್ಲಿ ಇದು ಗೊತ್ತೇ ಆಗುವುದಿಲ್ಲ.

ತಪ್ಪು ನನ್ನದೇ. ಕಂಟ್ರೋಲ್ ಪ್ಯಾನೆಲ್‌ನ ಬಾಗಿಲು ಪೂರ್ತಿ ತೆರೆಯಲಿ ಅಂತ ಜನರೇಟರನ್ನು ಹಿಂದಕ್ಕೆ ಸರಿಸಿ ಬೋಲ್ಟ್ ಹಾಕಿಸಿದ್ದು ನಾನು. ಮೊದಲು ಇಳಿಸುವುದು ಕೇಬಲ್, ಹಾಗಾಗಿ ಕೈಗೆ ಸಿಗಲಿ ಅಂತ ಎರಡೂ ಡ್ರಮ್ಮನ್ನು ಬಾಲದ ತುದಿಗೆ ಕಟ್ಟಿದ್ದೂ ನಾನೇ. ಎರಡೂ ಕೆಲಸದ ಅನುಕೂಲಕ್ಕೆ ಮಾಡಿದ್ದು. ದಾರಿಯ ಬಗ್ಗೆ ಯೋಚಿಸಿರಲಿಲ್ಲ.

ಡ್ರಮ್ಮುಗಳನ್ನು ಬಿಚ್ಚಿ ಪಿಕಪ್ಪಿನೊಳಗೆ, ಕ್ಯಾಬಿನ್‌ಗೆ ಒತ್ತಿ ಕಟ್ಟಿದೆವು. ಜನರೇಟರನ್ನು ರಸ್ತೆಯಲ್ಲಿ ಸರಿಸುವ ಹಾಗಿರಲಿಲ್ಲ. ಹಿರೇಗುತ್ತಿ, ಮಾದನಗೇರಿ, ಗೋಕರ್ಣದ ತಿರುವು, ಎಲ್ಲ ಮೂವತ್ತರಲ್ಲೇ ಹೋದೆವು. ಹಿಂದಿನವರು ಹಾರ್ನ್ ಹೊಡೆದರು, ಹೊಡೆಯಲಿ. ಆ ರಾತ್ರಿ ಚಂಡೆ ಶುರುವಾಗಿ ಬೆಳಗಿನ ಮಂಗಳದ ತನಕ ಕರೆಂಟು ಒಂದು ಕ್ಷಣವೂ ತಪ್ಪಲಿಲ್ಲ. ನಾನು ಆಟ ನೋಡಲಿಲ್ಲ. ಜನರೇಟರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಅದರ ಬೋಲ್ಟುಗಳನ್ನೇ ನೋಡುತ್ತಿದ್ದೆ.

ಊರಿಗೆ ಬಂದ ಮೇಲೆ ಹುಕ್ಕಿನ ಮೇಲೆ ಎಷ್ಟು ಭಾರ ಇರಬೇಕು ಅಂತ ಹುಡುಕಿ ಓದಿದೆ. ಟ್ರಾಲಿಯ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು. ನಮ್ಮ ಹದಿನೇಳು ಕ್ವಿಂಟಲ್‌ಗೆ 170ರಿಂದ 255 ಕೆಜಿ. ಅಳೆಯುವುದು ಹೇಗೆ? ನಮ್ಮ ಕಡೆ ಅದಕ್ಕೆ ಯೋಚನೆ ಬೇಡ, ಅಡಿಕೆ ಇರುವ ಮನೆಯಲ್ಲೆಲ್ಲ ತೂಕದ ಮಷಿನ್ ಇದೆ. ಪಕ್ಕದ ಮನೆಯ ಭಾವನ ಅಂಗಳಕ್ಕೆ ಟ್ರಾಲಿ ತಂದೆ. ಗಾಲಿಗೆ ಮುಂದೆ ಹಿಂದೆ ಕಲ್ಲು ಕೊಟ್ಟೆ. ಅಡಿಕೆ ಚೀಲ ಇಡುವ ತಟ್ಟೆಯ ಮೇಲೆ ಮರದ ದಿಮ್ಮಿ ನಿಲ್ಲಿಸಿ, ಅದರ ಮೇಲೆ ಮೂತಿ ಇಳಿಸಿದೆ. ಪಿಕಪ್ಪಿಗೆ ಸಿಗಿಸಿದಾಗ ಎಷ್ಟು ಎತ್ತರ ಇರುತ್ತದೋ ಅಷ್ಟೇ ಎತ್ತರ, ಟ್ರಾಲಿ ಮಟ್ಟವಾಗಿ.

ಆ ದಿನ ಹೇರಿದ ಹಾಗೇ ಹೇರಿ ತೂಗಿದರೆ 40 ಕೆಜಿ. ಡ್ರಮ್ ತೆಗೆದರೆ 92. ಮಾರನೇ ದಿನ ಹೊಸ ತೂತು ಕೊರೆಸಿ ಜನರೇಟರನ್ನು ಒಂದು ಗೇಣು ನಾಲ್ಕು ಬೆರಳು ಮುಂದಕ್ಕೆ ತಂದೆವು. ಮಷಿನ್ನಿನ ಕೆಂಪು ಅಂಕಿ ಓಡಿ ಓಡಿ 216ಕ್ಕೆ ನಿಂತಿತು. ಡ್ರಮ್ ಇಲ್ಲದ ಸುಮಾರು ಹದಿನಾರು ಕ್ವಿಂಟಲ್‌ಗೆ ಅದು ಸರಿಯಾದ ತೂಕ. ಒಂದು ಗೇಣು ನಾಲ್ಕು ಬೆರಳು, ಅಷ್ಟೇ ಅಂತರ. ಪ್ಯಾನೆಲ್ ಬಾಗಿಲು ಈಗ ಮುಕ್ಕಾಲು ಮಾತ್ರ ತೆರೆಯುತ್ತದೆ. ಅಡ್ಡಿಲ್ಲ.

ಆ ಮೇಲೆ ಟ್ರಾಲಿಗೆ ಅದರದ್ದೇ ಬ್ರೇಕ್ ಹಾಕಿಸಿದೆ. ಪಿಕಪ್ ನಿಧಾನವಾದಾಗ ಟ್ರಾಲಿ ಮುಂದಕ್ಕೆ ನೂಕುತ್ತದಲ್ಲ, ಆ ನೂಕಿಗೇ ತಾನಾಗಿ ಹಿಡಿಯುವ ಬ್ರೇಕ್. ಖರ್ಚು ಜಾಸ್ತಿಯೇ ಆಯಿತು. ಪಿಕಪ್ಪಿನ ಪುಸ್ತಕವನ್ನೂ ಕೂತು ಓದಿದೆ. ಬೆನ್ನ ಮೇಲೆ ಹೊರುವ ಲೆಕ್ಕ ಬೇರೆ, ಎಳೆಯುವ ಲೆಕ್ಕ ಬೇರೆ. ಹುಕ್ಕಿನ ಮೇಲೆ ಕೂತ 216 ಕೆಜಿ ಹೊರುವ ಲೆಕ್ಕಕ್ಕೆ ಸೇರುತ್ತದೆ ಅನ್ನುವುದು ನನಗೆ ಹೊಳೆದಿರಲೇ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರಾಲಿಯೂ ಒಂದು ವಾಹನ, ಅದಕ್ಕೂ ನೋಂದಣಿ ಬೇಕು. ನಮ್ಮ ಸುತ್ತಮುತ್ತ ನಂಬರ್ ಇಲ್ಲದ, ಹಿಂದೆ ಕೆಂಪು ಲೈಟೂ ಇಲ್ಲದ ಎಷ್ಟೋ ಟ್ರಾಲಿಗಳು ರಾತ್ರಿ ಓಡಾಡುವುದನ್ನು ನೋಡಿದರೆ ಈಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಳೆಗಾಲಕ್ಕೆ ಮುಂಚೆ ಮಾವ ಮತ್ತೊಮ್ಮೆ ಬಂದಿದ್ದರು. ಬ್ಯಾಗ್ ಇಡುವ ಮೊದಲೇ ಟ್ರಾಲಿಯ ಹತ್ತಿರ ಹೋಗಿ ಮೂತಿ ಎತ್ತಲು ನೋಡಿದರು. ಅಲ್ಲಾಡಲಿಲ್ಲ. ಇನ್ನೊಮ್ಮೆ ಎರಡೂ ಕೈ ಹಾಕಿದರು. ಆಗಲೂ ಇಲ್ಲ. ಕೈ ಒರೆಸಿಕೊಳ್ಳುತ್ತಾ, "ಬಣ್ಣ ಇದ್ಯನೋ ಮನೇಲಿ?" ಅಂದರು. ಗೇಟಿಗೆ ಹೊಡೆದು ಉಳಿದ ಕೆಂಪು ಬಣ್ಣ ಇತ್ತು. ಅವರೇ ಕುಕ್ಕರಗಾಲಲ್ಲಿ ಕೂತು ಜನರೇಟರಿನ ಕಾಲಿನ ಸುತ್ತ ಟ್ರಾಲಿಯ ಹಲಗೆಯ ಮೇಲೆ ಗೆರೆ ಎಳೆದರು. ನಮ್ಮ ಹುಡುಗರು ಈಗ ಜನರೇಟರ್ ಇಳಿಸಿ ಮತ್ತೆ ಕೂರಿಸಿದಾಗಲೆಲ್ಲ ಬಗ್ಗಿ ಆ ಗೆರೆ ನೋಡಿಯೇ ಬೋಲ್ಟ್ ಬಿಗಿಯುತ್ತಾರೆ.