ಹೊಸ ಡ್ರೆಡ್‌ಲಾಕ್ಸ್: ತಲೆ ತೊಳೆದರೆ ಬಿಚ್ಚಿಹೋಗಲ್ವಾ?

ಡ್ರೆಡ್‌ಲಾಕ್ಸ್, ಅಂದರೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತಾದ ಕೂದಲಿನ ಜಡೆಗಳನ್ನು ಮಾಡುವುದು ನನ್ನ ಕೆಲಸ. ಚಿಕ್ಕದಾಗಿ ಡ್ರೆಡ್ಸ್ ಅಥವಾ ಲಾಕ್ಸ್ ಎನ್ನುತ್ತಾರೆ, ಅಂಥ ಒಂದು ಜಡೆ ಒಂದು ಲಾಕ್. ಹೊಸದಾಗಿ ಮಾಡಿಸಿಕೊಂಡವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಇನ್ನು ತಲೆ ಯಾವಾಗ ತೊಳೆಯಬಹುದು? ತೊಳೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಬಿಚ್ಚಿಹೋಗಲ್ವಾ?" ಡ್ರೆಡ್ಸ್ ಇದ್ದವರು ತಲೆಗೆ ನೀರೇ ಹಾಕಬಾರದು ಎಂದು ಯಾರೋ ಹೇಳಿದ್ದನ್ನು ನಂಬಿಕೊಂಡು ಬಂದವರೂ ಇರುತ್ತಾರೆ.

ತೊಳೆಯಬೇಕು. ಶಾಂಪೂ ಹಾಕಿ, ಚೆನ್ನಾಗಿಯೇ ತೊಳೆಯಬೇಕು. ಆದರೆ ತೊಳೆಯುವುದಕ್ಕೆ ಎಷ್ಟು ಗಮನ ಕೊಡುತ್ತೀರೋ ಅದರ ಎರಡರಷ್ಟನ್ನು ಒಣಗಿಸುವುದಕ್ಕೆ ಕೊಡಬೇಕು. ಹಾಳಾದ ಲಾಕ್ಸ್ ಹಿಡಿದುಕೊಂಡು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ಕತೆ ಎರಡೇ ಬಗೆಯದು. ಒಂದೋ ನೀರು ಒಳಗೇ ಉಳಿದಿರುತ್ತದೆ, ಇಲ್ಲವೇ ಮೇಣ ಮೆತ್ತಿಕೊಂಡಿರುತ್ತದೆ. ಬರೀ ತೊಳೆದು ಕೆಡಿಸಿಕೊಂಡವರು ತೀರಾ ಕಡಿಮೆ.

ತೊಳೆದ ಕೂದಲೇ ಯಾಕೆ ಬೇಗ ಗಂಟು ಕಟ್ಟುತ್ತದೆ ಎನ್ನುವುದನ್ನು ಮೊದಲು ಹೇಳುತ್ತೇನೆ. ಕೂದಲಿನ ಎಳೆ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲೆ ಒಂದರ ಮೇಲೊಂದು ಮಲಗಿದ ಸಣ್ಣ ಸಣ್ಣ ಪದರಗಳಿವೆ. ಎಳೆಗಳು ಒಂದಕ್ಕೊಂದು ಉಜ್ಜಿದಾಗ ಈ ಪದರಗಳು ಸಿಕ್ಕಿಹಾಕಿಕೊಳ್ಳುತ್ತವೆ. ಲಾಕ್ ಒಳಗೆ ನಡೆಯುವುದು ಇದೇ. ನೆತ್ತಿಯಿಂದ ಬರುವ ಜಿಡ್ಡು ಎಳೆಗಳ ಮೇಲೆ ಕೂತರೆ ಅವು ಜಾರುತ್ತವೆ, ಹಿಡಿದುಕೊಳ್ಳುವುದಿಲ್ಲ. ಜಿಡ್ಡು ಹೋದರೆ ಹಿಡಿತ ಬರುತ್ತದೆ. ಇನ್ನೊಂದು ವಿಷಯವೂ ಇದೆ. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ಬಾಚುವವರಿಗೆ ಅವು ಬಾಚಣಿಗೆಯಲ್ಲಿ ಬರುತ್ತವೆ. ಲಾಕ್ಸ್ ಇದ್ದವರಿಗೆ ಅವು ಒಳಗೇ ಉಳಿದು, ಉಳಿದ ಎಳೆಗಳ ಜೊತೆ ಹೆಣೆದುಕೊಂಡು ಲಾಕ್ ಅನ್ನು ಗಟ್ಟಿ ಮಾಡುತ್ತವೆ. ಸಲೂನ್‌ನಲ್ಲಿ ನಾವು ಮಾಡಿಕೊಡುವುದು ಆರಂಭ ಅಷ್ಟೇ. ನಿಜವಾದ ಹೆಣಿಗೆ ಆಮೇಲೆ ನಿಮ್ಮ ತಲೆಯ ಮೇಲೆ ನಡೆಯುತ್ತದೆ. ಅದಕ್ಕೆ ಒಂದು ವರ್ಷ ಬೇಕು, ಕೆಲವರಿಗೆ ಒಂದೂವರೆ, ಎರಡು ವರ್ಷ.

ಹಾಗಾದರೆ ಮೊದಲ ಸಲ ತೊಳೆಯುವುದು ಯಾವಾಗ? ನಿಮ್ಮ ಲಾಕ್ಸ್ ಅನ್ನು ಹೇಗೆ ಮಾಡಿದ್ದಾರೆ ಎನ್ನುವುದರ ಮೇಲೆ ಅದು ನಿಂತಿದೆ. ಆದ್ದರಿಂದ ಕುರ್ಚಿಯಿಂದ ಏಳುವ ಮೊದಲೇ ಆ ವಿಧಾನ ಯಾವುದು, ಕೂದಲಿಗೆ ಏನೇನು ಹಚ್ಚಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ. ನೇರ ಕೂದಲನ್ನು ಹಿಮ್ಮುಖವಾಗಿ ಬಾಚಿ, ತುದಿಯಲ್ಲಿ ಕೊಕ್ಕೆ ಇರುವ ಸಣ್ಣ ಕ್ರೋಶಾ ಕಡ್ಡಿಯಿಂದ ಎಳೆಗಳನ್ನು ಒಳಗೆ ಎಳೆದು ಮಾಡಿದ್ದರೆ ಸುಮಾರು ಒಂದು ವಾರ ಬಿಟ್ಟು ತೊಳೆಯಬಹುದು. ಗುಂಗುರು ಕೂದಲನ್ನು ಬಾಚಣಿಗೆಯಿಂದ ಸುರುಳಿ ಸುತ್ತಿ, ಇಲ್ಲವೇ ಎರಡು ಎಳೆ ಹೊಸೆದು ಮಾಡಿದ್ದರೆ ಅದು ಸಡಿಲ. ಎರಡರಿಂದ ನಾಲ್ಕು ವಾರ ಕಾಯಿರಿ. ಬುಡದಲ್ಲಿ ಕೂದಲನ್ನು ಅದರೊಳಗಿಂದಲೇ ದಾಟಿಸಿ ಹೆಣೆಯುವ ಇಂಟರ್‌ಲಾಕಿಂಗ್ ಮಾಡಿದ್ದರೆ ಅದು ಬೇಗನೆ ನೀರಿಗೆ ಬಿಚ್ಚಿಕೊಳ್ಳುವುದಿಲ್ಲ. ಹೆಚ್ಚು ಕಾಯುವ ಅಗತ್ಯವಿಲ್ಲ. ಹೊಸ ಲಾಕ್ಸ್ ತೊಳೆದಾಗ ಸ್ವಲ್ಪ ಸಡಿಲವಾಗುವುದು, ಒಂದಷ್ಟು ಎಳೆ ಹೊರಗೆ ಬರುವುದು ಇದ್ದೇ ಇದೆ. ಒಣಗಿದ ಮೇಲೆ ಅಂಗೈಗಳ ನಡುವೆ ಹೊಸೆದರೆ ಆಕಾರ ಮತ್ತೆ ಬರುತ್ತದೆ. ತೀರಾ ಸಡಿಲ ಅನ್ನಿಸಿದರೆ ತಲೆಗೆ ತೆಳುವಾದ ನೈಲಾನ್ ಬಲೆ ಹಾಕಿಕೊಂಡು ಅದರ ಮೇಲಿಂದಲೇ ತೊಳೆಯಿರಿ.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ತೊಳೆದರೆ ಹೆಚ್ಚಿನವರಿಗೆ ಸಾಕು. ಜಿಡ್ಡು ಜಾಸ್ತಿ ಇರುವ ನೆತ್ತಿಯಾದರೆ ವಾರಕ್ಕೆ ಎರಡು ಸಲ. ಬಿಗಿ ಗುಂಗುರು ಕೂದಲು ಬೇಗ ಒಣಕಲಾಗುತ್ತದೆ, ಅವರು ಹತ್ತು ಹದಿನೈದು ದಿನಕ್ಕೊಮ್ಮೆ ತೊಳೆದರೂ ನಡೆಯುತ್ತದೆ. ತೊಳೆದ ಮೇಲೆ ಏನೂ ಉಳಿಸದ ಶಾಂಪೂ ಆರಿಸಿಕೊಳ್ಳಿ. ಕಂಡೀಷನರ್ ಸೇರಿಸಿದ್ದು, ಸಿಲಿಕೋನ್ ಇರುವುದು, ಕೂದಲನ್ನು ರೇಷ್ಮೆಯಂತೆ ಮಾಡುತ್ತೇನೆ ಎನ್ನುವುದು ಬೇಡ. ಅವು ಮಾಡುವ ಕೆಲಸವೇ ಸಿಕ್ಕು ಬಿಡಿಸುವುದು. ಶಾಂಪೂವನ್ನು ನೀರಿನಲ್ಲಿ ಕಲಸಿ ನೆತ್ತಿಗೆ ಹಾಕಿ, ಬೆರಳ ತುದಿಯಿಂದ ಲಾಕ್‌ಗಳ ನಡುವಿನ ಚರ್ಮವನ್ನು ಉಜ್ಜಿ. ಲಾಕ್ಸ್ ಅನ್ನೇ ಹಿಡಿದು ಉಜ್ಜಬೇಡಿ. ತಲೆಯಿಂದ ಇಳಿಯುವ ನೊರೆಯಲ್ಲಿ ಅವನ್ನು ಮೆತ್ತಗೆ ಹಿಂಡಿದರೆ ಸಾಕು. ಕೊನೆಗೆ ನೀರು ತಿಳಿಯಾಗಿ ಬರುವವರೆಗೆ ತೊಳೆದು, ಇನ್ನೂ ಸ್ವಲ್ಪ ಹೊತ್ತು ತೊಳೆಯಿರಿ. ಒಳಗೆ ಉಳಿದ ಶಾಂಪೂ ಆಮೇಲೆ ತುರಿಕೆಗೂ ಬಿಳಿ ಪುಡಿಗೂ ಕಾರಣವಾಗುತ್ತದೆ.

ಈಗ ಒಣಗಿಸುವ ವಿಷಯ. ಇದನ್ನು ಓದುವ ತಾಳ್ಮೆ ಮಾತ್ರ ಕಳೆದುಕೊಳ್ಳಬೇಡಿ.

ದಪ್ಪ ಹಗ್ಗ ನೆನೆದರೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದಲ್ಲ, ಲಾಕ್ ಕೂಡ ಹಾಗೆಯೇ. ಪೆನ್ಸಿಲ್ ದಪ್ಪದವು ಕೆಲವೇ ಗಂಟೆಗಳಲ್ಲಿ ಒಣಗಬಹುದು. ಹೆಬ್ಬೆರಳು ದಪ್ಪದವಕ್ಕೆ ಇಡೀ ದಿನ ಬೇಕಾಗಬಹುದು. ಆ ಒಳಗಿನ ತೇವ ದಿನಗಟ್ಟಲೆ ಉಳಿದರೆ, ಕತ್ತಲು, ಬೆಚ್ಚಗಿನ ತಲೆ, ಜೊತೆಗೆ ಜಿಡ್ಡು ಮತ್ತು ಸತ್ತ ಚರ್ಮ. ಬೂಷ್ಟು ಹಿಡಿಯಲು ಇನ್ನೇನು ಬೇಕು? ಮೊದಲು ಗೊತ್ತಾಗುವುದು ವಾಸನೆಯಿಂದ. ಒಣಗಿದ್ದಾಗ ಏನೂ ಇರುವುದಿಲ್ಲ, ನೀರು ಬಿದ್ದ ಕೂಡಲೇ ಮುಗ್ಗಲು ವಾಸನೆ ಏಳುತ್ತದೆ. ಆ ಹಂತದಲ್ಲೇ ಎಚ್ಚರವಾದರೆ ಚೆನ್ನಾಗಿ ತೊಳೆದು, ವಿನೆಗರ್ ಅನ್ನು ಬಹಳ ನೀರಿನಲ್ಲಿ ಕಲಸಿ ಹಾಯಿಸಿ, ಪೂರ್ತಿ ಒಣಗಿಸಿದರೆ ಸರಿಹೋಗುವುದುಂಟು. ಬಿಟ್ಟರೆ ಒಳಗೆಲ್ಲ ಹಬ್ಬುತ್ತದೆ. ಆಮೇಲೆ ಆ ಲಾಕ್ ಅನ್ನು ಕತ್ತರಿಸುವುದೇ ದಾರಿ. ವರ್ಷಗಟ್ಟಲೆ ಬೆಳೆಸಿದ್ದನ್ನು ಹಾಗೆ ಕತ್ತರಿಸುವಾಗ ನನಗೂ ಸಂಕಟವಾಗುತ್ತದೆ.

ಆದ್ದರಿಂದ ಬೆಳಿಗ್ಗೆ ತೊಳೆಯಿರಿ. ರಾತ್ರಿ ತೊಳೆದು ಒದ್ದೆ ತಲೆಯಲ್ಲಿ ಮಲಗುವುದು ಬೇಡವೇ ಬೇಡ. ತೊಳೆದ ತಕ್ಷಣ ನಾಲ್ಕೈದು ಲಾಕ್ಸ್ ಒಟ್ಟಿಗೆ ಹಿಡಿದು ಬುಡದಿಂದ ತುದಿಯವರೆಗೆ ಕೈಯಿಂದ ಹಿಂಡಿ. ಆಮೇಲೆ ಟವೆಲ್‌ನಲ್ಲಿ ಸುತ್ತಿ ಮತ್ತೆ ಹಿಂಡಿ. ನೀರು ಹೀರಿಕೊಂಡ ಟವೆಲ್ ಬದಲಿಸಿ ಇನ್ನೊಂದು ಸಲ. ಈ ಹಿಂಡುವ ಕೆಲಸಕ್ಕೆ ಹತ್ತು ನಿಮಿಷ ಕೊಟ್ಟರೆ ಒಣಗುವ ಹೊತ್ತು ಎಷ್ಟೋ ಕಡಿಮೆಯಾಗುತ್ತದೆ. ಮೈಕ್ರೋಫೈಬರ್ ಟವೆಲ್ ಆದರೆ ಎಳೆ ಬಿಡುವುದು ಕಡಿಮೆ. ನಂತರ ಬಿಸಿಲು, ಗಾಳಿ, ಫ್ಯಾನ್, ಯಾವುದಾದರೂ ಸರಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಬುಡದಿಂದ ಶುರು ಮಾಡಿ. ಕೃತಕ ಕೂದಲು ಸೇರಿಸಿ ಉದ್ದ ಮಾಡಿಸಿಕೊಂಡಿದ್ದರೆ ತಣ್ಣನೆ ಗಾಳಿ ಮಾತ್ರ. ಬಿಸಿಗೆ ಅದು ಕರಗುತ್ತದೆ. ಪೂರ್ತಿ ಒಣಗುವ ಮೊದಲು ತುರುಬು ಕಟ್ಟಬೇಡಿ, ಟೋಪಿ ಹಾಕಬೇಡಿ, ಹೆಲ್ಮೆಟ್ ಕೂಡ. ಒಣಗಿದೆಯೋ ಇಲ್ಲವೋ ನೋಡಲು ಕುತ್ತಿಗೆ ಹಿಂದಿನ, ಎಲ್ಲಕ್ಕಿಂತ ದಪ್ಪನೆಯ ಲಾಕ್ ಅನ್ನು ಬೆರಳುಗಳ ನಡುವೆ ಒತ್ತಿ ಹಿಡಿಯಿರಿ. ತಣ್ಣಗೆ ಅನ್ನಿಸಿದರೆ ಇನ್ನೂ ನೀರಿದೆ ಎಂದರ್ಥ.

ಮೇಣದ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ: ಬೇಡ. ಲಾಕ್ಸ್‌ಗೆಂದೇ ಡಬ್ಬಿಯಲ್ಲಿ ಮಾರುವುದೂ ಬೇಡ. ಹಚ್ಚಿದ ದಿನ ಎಲ್ಲ ಎಳೆಗಳೂ ಕೂತು ಅಚ್ಚುಕಟ್ಟಾಗಿ ಕಾಣುತ್ತದೆ, ಅದಕ್ಕೇ ಜನ ಮರುಳಾಗುತ್ತಾರೆ. ಆದರೆ ಅದು ಎಳೆಗಳನ್ನು ಅಂಟಿಸುತ್ತದೆಯೇ ಹೊರತು ಹೆಣೆಯುವುದಿಲ್ಲ. ಜೊತೆಗೆ ದೂಳು, ಬಟ್ಟೆಯ ಎಳೆ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ, ಒಳಗಿನ ತೇವ ಹೊರಗೆ ಹೋಗದಂತೆ ತಡೆಯುತ್ತದೆ. ತೊಳೆದರೆ ಹೋಗುವುದಿಲ್ಲವೇ ಎಂದರೆ, ಜೇನುಮೇಣ ಕರಗಲು 62ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಅಷ್ಟು ಬಿಸಿ ನೀರು ತಲೆಗೆ ಹಾಕಿದರೆ ಚರ್ಮ ಸುಟ್ಟುಹೋಗುತ್ತದೆ. ಒಮ್ಮೆ ಒಳಗೆ ಹೋದ ಮೇಣವನ್ನು ತೆಗೆಯುವುದು ಎಷ್ಟು ಕಷ್ಟ ಎಂದು ಇದರಿಂದಲೇ ತಿಳಿಯಬಹುದು. ಬುಡಕ್ಕೆ ಏನಾದರೂ ಹಚ್ಚಲೇಬೇಕು ಅನ್ನಿಸಿದರೆ ಸ್ವಲ್ಪ ಲೋಳೆಸರದ ಜೆಲ್ ಸಾಕು. ಅದು ನೀರಿಗೆ ಬಿಡುತ್ತದೆ.

ಎಣ್ಣೆಯೂ ಇತಿಮಿತಿಯಲ್ಲಿರಲಿ. ನೇರ ಕೂದಲಿನವರಿಗೆ ಮೊದಲ ಕೆಲವು ತಿಂಗಳು ಎಣ್ಣೆಯೇ ಬೇಡ. ಬಿಗಿ ಗುಂಗುರು ಕೂದಲಿನವರು ಒಣಕಲು ಅನ್ನಿಸಿದಾಗ ತೆಳುವಾದ ಎಣ್ಣೆ ಕೆಲವು ಹನಿ ಹಚ್ಚಿಕೊಳ್ಳಲಿ.

ಅಡುಗೆ ಸೋಡ ಕಲಸಿದ ನೀರಿನಲ್ಲಿ ಲಾಕ್ಸ್ ನೆನೆಸಿ ಕೊಳೆ ತೆಗೆಯುವ ಉಪಾಯ ತುಂಬಾ ಜನರಿಗೆ ಗೊತ್ತು. ಕೊಳೆ ಬರುವುದು ನಿಜ. ಆದರೆ ನೆತ್ತಿಯ ಪಿಎಚ್ (ಆಮ್ಲ, ಕ್ಷಾರದ ಅಳತೆ) ಸುಮಾರು 5.5, ಸೋಡದ ನೀರಿನದ್ದು 8ಕ್ಕಿಂತ ಮೇಲೆ. ಪದೇ ಪದೇ ಮಾಡಿದರೆ ಕೂದಲು ಒಣಗಿ ಮುರಿಯುತ್ತದೆ. ಹೊಸ ಲಾಕ್ಸ್ ಒಳಗೆ ನೆನೆಸಿ ತೆಗೆಯುವಂಥ ಕೊಳೆ ಇರುವುದೂ ಇಲ್ಲ. ಮೊದಲ ವರ್ಷ ಇದರ ಗೊಡವೆಗೇ ಹೋಗಬೇಡಿ. ಉಪ್ಪು ನೀರಿನ ಸ್ಪ್ರೇ ನೇರ ಕೂದಲಿಗೆ ಹಿಡಿತ ಕೊಡುತ್ತದೆ, ಆದರೆ ಅದೂ ಒಣಗಿಸುತ್ತದೆ. ದಿನಾ ಹೊಡೆಯುವುದು ಬೇಡ.

ಲಾಕ್ಸ್‌ಗೆ ನೀವು ದಿನವೂ ಮಾಡಬೇಕಾದ ಕೆಲಸ ನಿಜಕ್ಕೂ ಒಂದೇ: ಬುಡಗಳನ್ನು ಬೇರ್ಪಡಿಸುವುದು. ಹೊಸ ಕೂದಲು ಬೆಳೆಯುವಾಗ ಪಕ್ಕದ ಲಾಕ್‌ನ ಎಳೆಗಳ ಜೊತೆ ಸೇರಿಕೊಳ್ಳುತ್ತದೆ. ಸುಮ್ನೆ ಬಿಟ್ಟರೆ ಎರಡು ಸೇರಿ ಒಂದಾಗುತ್ತವೆ. ಎರಡು ಲಾಕ್ಸ್ ಹಿಡಿದು ಬುಡದವರೆಗೆ ನಿಧಾನವಾಗಿ ಅಗಲಿಸಿ. ಸಣ್ಣಗೆ ಟರ್ರ್ ಎನ್ನುವ ಸದ್ದು ಬಂದರೆ ಹೆದರಬೇಡಿ. ತೊಳೆದು ಒಣಗಿದ ದಿನ ಇದನ್ನು ತಪ್ಪಿಸಬೇಡಿ.

ಹೊಸದಾಗಿ ಬೆಳೆದ ಬುಡದ ಕೂದಲನ್ನು ತಿರುಚಿ ಬಿಗಿ ಮಾಡಿಸುವ ವಿಷಯದಲ್ಲಿ ಜನ ಅವಸರ ಮಾಡುವುದು ನೋಡಿದರೆ ನನಗೆ ಬೇಸರವಾಗುತ್ತದೆ. ಕೂದಲು ತಿಂಗಳಿಗೆ ಬೆಳೆಯುವುದೇ ಒಂದು, ಒಂದೂಕಾಲು ಸೆಂಟಿಮೀಟರ್. ಎರಡು ವಾರಕ್ಕೊಮ್ಮೆ ಬಂದು ತಿರುಚಿಸಿಕೊಂಡರೆ ತಿರುಚಲು ಅಲ್ಲಿ ಏನಿರುತ್ತದೆ? ಆರರಿಂದ ಎಂಟು ವಾರ ಬಿಟ್ಟು ಬನ್ನಿ, ಅದಕ್ಕಿಂತ ತಡವಾದರೂ ನಷ್ಟವಿಲ್ಲ. ಕ್ರೋಶಾ ಕಡ್ಡಿಯನ್ನು ಮತ್ತೆ ಮತ್ತೆ ಹಾಕಿದರೆ ಎಳೆಗಳು ತುಂಡಾಗುತ್ತವೆ. ಮನೆಯಲ್ಲಿ ಕನ್ನಡಿ ಮುಂದೆ ಕೂತು ಹೊರಗೆ ಕಂಡ ಪ್ರತಿ ಎಳೆಯನ್ನೂ ಚುಚ್ಚಿ ಒಳಗೆ ಹಾಕುವ ಚಟ ಬಿಡಿ. ಬುಡವನ್ನು ಅತಿಯಾಗಿ ಎಳೆದು ಬಿಗಿದರೆ ಕೂದಲು ತೆಳುವಾಗುತ್ತಾ ಬರುತ್ತದೆ. ವೈದ್ಯರು ಇದನ್ನು ಟ್ರ್ಯಾಕ್ಷನ್ ಅಲೋಪೇಶಿಯಾ ಎನ್ನುತ್ತಾರೆ. ಹಣೆಯ ಅಂಚು, ಕಿವಿ ಮೇಲ್ಭಾಗದಲ್ಲಿ ಮೊದಲು ಕಾಣಿಸುತ್ತದೆ. ಬೇಗ ಗಮನಿಸಿ ಬಿಗಿತ ನಿಲ್ಲಿಸಿದರೆ ಕೂದಲು ಮತ್ತೆ ಬರುತ್ತದೆ. ವರ್ಷಗಟ್ಟಲೆ ಎಳೆದರೆ ಕೂದಲಿನ ಬೇರೇ ಸತ್ತು ಶಾಶ್ವತ ಬೋಳಾಗುತ್ತದೆ. ಲಾಕ್ಸ್ ಅನ್ನು ಸದಾ ಎತ್ತಿ ಬಿಗಿಯಾಗಿ ಕಟ್ಟುವುದೂ ಇದೇ ತೊಂದರೆ ಕೊಡುತ್ತದೆ.

ಮೊದಲ ಎರಡು ಮೂರು ದಿನ ನೆತ್ತಿ ನೋಯುವುದು, ಬಿಗಿ ಅನ್ನಿಸುವುದು ಸಹಜ. ವಾರದ ನಂತರವೂ ನೋವು ಇಳಿಯದಿದ್ದರೆ ಅಥವಾ ಬುಡದ ಸುತ್ತ ಕೆಂಪು ಗುಳ್ಳೆ ಎದ್ದರೆ ಮಾಡಿದವರ ಬಳಿ ಹೋಗಿ ಸಡಿಲ ಮಾಡಿಸಿಕೊಳ್ಳಿ. ಕೀವು, ಜ್ವರ ಕಂಡರೆ ನೇರ ಚರ್ಮದ ವೈದ್ಯರ ಬಳಿ ಹೋಗಿ. ತುರಿಕೆಗೆ ಸ್ಪ್ರೇ ಬಾಟಲಿಯಲ್ಲಿ ನೀರು ಹಾಕಿ ನೆತ್ತಿಗೆ ಹೊಡೆದು ಬೆರಳಿನಿಂದ ಒತ್ತಿದರೆ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಟೀ ಟ್ರೀ ಎಣ್ಣೆಯನ್ನು ನೇರವಾಗಿ ಹಚ್ಚಬೇಡಿ, ಚರ್ಮ ಉರಿಯುತ್ತದೆ. ಹೊಟ್ಟು ಇದ್ದರೆ ಅದರ ಮೇಲೆ ಎಣ್ಣೆ ಸುರಿಯಬೇಡಿ. ಹೊಟ್ಟಿಗೆ ಕಾರಣವಾಗುವ ಯೀಸ್ಟ್ ಬದುಕುವುದೇ ಜಿಡ್ಡಿನ ಮೇಲೆ. ಔಷಧದ ಶಾಂಪೂವನ್ನು ಲಾಕ್ಸ್ ಇದ್ದರೂ ಬಳಸಬಹುದು.

ರಾತ್ರಿ ಸ್ಯಾಟಿನ್ ಟೋಪಿ ಹಾಕಿಕೊಳ್ಳಿ, ಇಲ್ಲವೇ ಸ್ಯಾಟಿನ್ ದಿಂಬಿನ ಚೀಲ ಬಳಸಿ. ಹತ್ತಿ ಬಟ್ಟೆಯ ಜುಂಗು ಲಾಕ್ಸ್ ಒಳಗೆ ಸೇರಿದರೆ ತೆಗೆಯುವುದು ಕಷ್ಟ. ಈಜುವವರು ಮೊದಲು ತಲೆಯನ್ನು ಬರೀ ನೀರಿನಲ್ಲಿ ನೆನೆಸಿ, ಟೋಪಿ ಹಾಕಿ ಇಳಿಯಲಿ, ಬಂದ ಕೂಡಲೇ ತೊಳೆಯಲಿ. ಒಣಗಿಸುವುದು ಹೇಗೆ ಎಂದು ಈಗಾಗಲೇ ಹೇಳಿದ್ದೇನೆ.

ಇನ್ನು ಮೂರ್ನಾಲ್ಕು ತಿಂಗಳಿಗೆ ನನಗೆ ಬರುವ ಎರಡನೇ ಫೋನ್ ಬಗ್ಗೆಯೂ ಹೇಳಿಬಿಡುತ್ತೇನೆ. "ಎಲ್ಲಾ ಕೆದರಿದೆ, ಅಲ್ಲಲ್ಲಿ ಉಬ್ಬಿದೆ, ಉದ್ದ ಬೇರೆ ಕಡಿಮೆಯಾಗಿದೆ, ಏನೋ ಹಾಳಾಗಿದೆ ಅಲ್ವಾ?" ಹಾಳಾಗಿಲ್ಲ. ಒಳಗೆ ಎಳೆಗಳು ಮಡಚಿಕೊಂಡು ಹೆಣೆದುಕೊಳ್ಳುತ್ತಿರುವುದರಿಂದಲೇ ಉದ್ದ ಕುಗ್ಗುತ್ತದೆ. ಉಬ್ಬು, ವಕ್ರ, ಹೊರಗೆ ನಿಂತ ಎಳೆಗಳು ಎಲ್ಲವೂ ಆ ಕೆಲಸ ನಡೆಯುತ್ತಿರುವ ಲಕ್ಷಣ. ಆ ಹೊತ್ತಿನಲ್ಲಿ ಗಾಬರಿಯಾಗಿ ಮೇಣದ ಡಬ್ಬಿಗೆ ಕೈ ಹಾಕುವವರೇ ಹೆಚ್ಚು. ನೀವು ಹಾಗೆ ಮಾಡಬೇಡಿ. ಬುಡ ಅಗಲಿಸಿ, ವಾರದ ದಿನ ಬಂದಾಗ ತೊಳೆಯಿರಿ, ದಪ್ಪನೆಯ ಲಾಕ್ ಹಿಡಿದು ತಣ್ಣಗಿದೆಯಾ ನೋಡಿ. ಬೇರೇನೂ ಮಾಡಬೇಕಿಲ್ಲ.