ನನ್ನ ಡಬ್ಬಿ ಎಲ್ಲೇ?

ಭಾನುವಾರ ಸಂಜೆ ಗೆಳತಿ ಬಂದಳು. ಚಪ್ಪಲಿ ಬಿಡುವ ಮೊದಲೇ ಶುರು. "ನನ್ನ ಡಬ್ಬಿ ಎಲ್ಲೇ? ಮೂರು ಅಂತಸ್ತಿಂದು, ನಮ್ಮಮ್ಮನ ಹೆಸರು ಕೊರೆಸಿರೋದು. ಕೊಡೋ ಯೋಚನೆ ಇದ್ಯಾ ಇಲ್ವಾ?"

ಅವಳು ಡಬ್ಬಿ ಹುಡುಕಲು ಅಡುಗೆಮನೆಗೆ ಹೋದಮೇಲೆ ಅತ್ತೆ ಮುಖ ಗಂಟು ಹಾಕಿಕೊಂಡು ಪಿಸುಗುಟ್ಟಿದರು, "ಹುಷಾರಿಲ್ಲದವರ ಮನೇಲಿ ಬಂದು ಪಾತ್ರೆ ಕೇಳೋದಾ?" ನನಗೆ ಮಾತ್ರ ನಗು ತಡೆಯಲಾಗಲಿಲ್ಲ. ಈ ವಾರವೆಲ್ಲ ಅದೇ ಮಾತು ತಲೆಯಲ್ಲಿ ಓಡುತ್ತಿದೆ. ಕೊಡೋ ಯೋಚನೆ ಇದ್ಯಾ ಇಲ್ವಾ!

ಆ ಡಬ್ಬಿ ನಮ್ಮನೆಗೆ ಬಂದಿದ್ದು ನನ್ನ ಮೊದಲನೇ ಕೀಮೋ ಆದಾಗ. ಸ್ತನ ಕ್ಯಾನ್ಸರ್, ಆಪರೇಷನ್ ಆಗಿತ್ತು, 21 ದಿನಕ್ಕೊಮ್ಮೆ ಡ್ರಿಪ್. ಹಾಕಿಸಿಕೊಂಡು ಬಂದು ಒಂದು ವಾರವಾಗುವ ಹೊತ್ತಿಗೆ ರಕ್ತದಲ್ಲಿ ಬಿಳಿ ಕಣ ಇಳಿಯುತ್ತದೆ, ಸಣ್ಣ ಸೋಂಕೂ ತಡೆಯುವುದಿಲ್ಲ. ಹಸಿ ತರಕಾರಿ ಬೇಡ, ಕೋಸಂಬರಿ ಬೇಡ, ಹೊರಗಿನ ತಿಂಡಿ ಬೇಡ, ಎಲ್ಲ ಬೇಯಿಸಿ ಬಿಸಿಬಿಸಿ ತಿನ್ನಿ ಅಂದಿದ್ದರು. ತಿನ್ನೋದು ಹೇಗೆ? ಬಾಯಿ ತುಂಬ ಹುಣ್ಣು. ಅವಳು ಮೆಣಸಿನಕಾಯಿ ಇಲ್ಲದ ತೊವ್ವೆ, ಮೆತ್ತನೆ ಅನ್ನ, ರಾಗಿ ಗಂಜಿ ಮಾಡಿ ತರುತ್ತಿದ್ದಳು. ನನಗೆ ಎಲ್ಲವೂ ಕಬ್ಬಿಣ ನೆಕ್ಕಿದ ರುಚಿ. ಸ್ಟೀಲ್ ಚಮಚ ಬಿಟ್ಟು ನೋಡಿ ಅಂತ ಯಾರೋ ಹೇಳಿದ್ದೇ ತಡ, ಮಾರನೇ ದಿನ ಪ್ಲಾಸ್ಟಿಕ್ ಚಮಚದ ಕಟ್ಟು ತಂದಳು. ಸ್ವಲ್ಪ ವಾಸಿ ಅನ್ನಿಸಿತು.

ಮುಂದೆ ಔಷಧಿ ಬದಲಾಗಿ ಪ್ಯಾಕ್ಲಿಟ್ಯಾಕ್ಸೆಲ್ ಶುರುವಾದಾಗ ಬೆರಳ ತುದಿಗಳು ಜೋಮು ಹಿಡಿದವು. ರವಿಕೆ ಹುಕ್ ಹಾಕಲಾಗದು, ಡಬ್ಬಿಯ ಕ್ಲಿಪ್ ಎತ್ತಲಾಗದು. ಅದನ್ನು ಅವಳಿಗೆ ನಾನು ಹೇಳಿರಲಿಲ್ಲ. ಗಮನಿಸಿದಳು ಅಂತ ಕಾಣುತ್ತೆ, ಆಮೇಲಿಂದ ಕ್ಲಿಪ್ ಬಿಚ್ಚಿ, ಮುಚ್ಚಳ ಸಡಿಲ ಮಾಡಿ ಮೇಜಿನ ಮೇಲಿಟ್ಟು "ಬರ್ತೀನಿ ಕಣೇ" ಅಂತ ಹೋಗುತ್ತಿದ್ದಳು. ಅಯ್ಯೋ ಪಾಪ ಅನ್ನೋದು ಅವಳಿಗೆ ಬರೋದೇ ಇಲ್ಲ.

ಇನ್ನೊಬ್ಬಳು ಬೇರೆ ಥರ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಶಿವಮೊಗ್ಗದಿಂದ ರೈಲಿನಲ್ಲಿ ಹೋಗುವಾಗ ಜೊತೆಗೆ ಬರುತ್ತಿದ್ದವಳು. ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲ್ವೆ ಟಿಕೆಟ್‌ನಲ್ಲಿ ರಿಯಾಯಿತಿ ಇದೆ. "ನಿನ್ನ ದೆಸೆಯಿಂದ ನನಗೂ ಡಿಸ್ಕೌಂಟ್" ಅಂತ ಅರಸೀಕೆರೆ ಬರುವವರೆಗೂ ರೇಗಿಸುವಳು. ಕಂಕುಳಿನ ಗಂಟು ತೆಗೆದ ಕಡೆಯ ಕೈಗೆ ಸೂಜಿ ಚುಚ್ಚಬೇಡಿ, ಬಿಪಿ ಪಟ್ಟಿ ಕಟ್ಟಬೇಡಿ ಅಂದಿದ್ದರಲ್ಲ, ನಮ್ಮೂರಿನ ಲ್ಯಾಬಿನಲ್ಲಿ ಯಾರಾದರೂ ಆ ಕೈ ಮುಟ್ಟಿದರೆ ಸಾಕು, ನನಗಿಂತ ಮೊದಲು ಇವಳು ಕೂಗುತ್ತಿದ್ದಳು. ರೇಡಿಯೇಷನ್ ಅಂದರೆ ಸೋಮವಾರದಿಂದ ಶುಕ್ರವಾರ, ದಿನಾ ಕೆಲವೇ ನಿಮಿಷದ ಕೆಲಸ. ಆದರೆ ಊರಿಂದ ಬಂದವರು ವಾರಗಟ್ಟಲೆ ಎಲ್ಲಿರಬೇಕು? ಕಾಲೇಜಿನ ಗೆಳತಿಯೊಬ್ಬಳು ತನ್ನ ರೂಮನ್ನೇ ಬಿಟ್ಟುಕೊಟ್ಟು ಮಗನ ಜೊತೆ ಹಾಲ್‌ನಲ್ಲಿ ಮಲಗಿದಳು. ಇಂಥವರಿಲ್ಲದೆ ಒಬ್ಬೊಬ್ಬರೇ ಬರುವವರನ್ನು ಅಲ್ಲಿ ನೋಡಿದ್ದೇನೆ, ಚೀಟಿ ಹಿಡಿದು ಯಾವ ಬಾಗಿಲು ಅಂತ ಕೇಳುತ್ತ.

ಎಲ್ಲರೂ ಹೀಗೆ ಅಂತಲ್ಲ. ಫೋನ್ ಮಾಡಿ ಒಬ್ಬಳು ಎಷ್ಟು ಅತ್ತಳೆಂದರೆ ನಾನೇ ಸಮಾಧಾನ ಮಾಡಬೇಕಾಯಿತು. ಲಕ್ಷ್ಮಣಫಲ ತಿಂದರೆ ಕ್ಯಾನ್ಸರ್ ಹೋಗುತ್ತೆ ಅನ್ನೋ ವಿಡಿಯೋ ದಿನಾ ಕಳಿಸಿದವರಿದ್ದಾರೆ. "ನೀನು ತುಂಬಾ ಸ್ಟ್ರಾಂಗ್" ಅಂದವರಂತೂ ಲೆಕ್ಕವಿಲ್ಲ. ಹಾಗಂದವರೆದುರು ವಾಂತಿ ಬಂದರೂ ನುಂಗಿಕೊಂಡು ನಗಬೇಕು, ಅದೊಂದು ಹಿಂಸೆ.

ಒಳ್ಳೆಯವರಿಂದಲೂ ಒಂದು ತೊಂದರೆ ಇತ್ತು, ಅದು ನನಗೆ ಹೊಳೆದಿದ್ದೇ ಈ ಭಾನುವಾರ. ಕಾಯಿಲೆ ಗೊತ್ತಾದ ದಿನದಿಂದ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಸಾಲ ಕೇಳಲಿಲ್ಲ, ಜಗಳ ಕಾಯಲಿಲ್ಲ, ಹೆಪ್ಪಿಗೆ ಒಂದು ಚಮಚ ಮೊಸರು ಕೂಡ ಕೇಳಲಿಲ್ಲ. ನಾನು ತಪ್ಪು ಮಾತಾಡಿದರೂ ಹೌದು ಹೌದು. ತಗೊಂಡು ತಗೊಂಡು ಸುಸ್ತಾಗಿತ್ತು ನನಗೆ. ಕೂದಲು ಬಂತು, ಈಗ ಗುಂಗುರು. ಕ್ಯಾನ್ಸರ್ ಮತ್ತೆ ಬರದಿರಲಿ ಅಂತ ಟ್ಯಾಮೊಕ್ಸಿಫೆನ್ ಮಾತ್ರೆ ಕನಿಷ್ಠ 5 ವರ್ಷ ನುಂಗಬೇಕು, ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯೇರಿ ಬೆವರುತ್ತದೆ. ಇಷ್ಟಾದರೂ ಸ್ಕ್ಯಾನ್ ಚೆನ್ನಾಗಿದೆ, ಡಾಕ್ಟರು ಹುಷಾರಾಗಿದ್ದೀರಿ ಅಂದರು. ನಾನು ನಂಬಿರಲಿಲ್ಲ. ಡಬ್ಬಿ ಕೇಳಿದಾಗ ನಂಬಿಕೆ ಬಂತು. ಹುಷಾರಿಲ್ಲದವಳ ಹತ್ತಿರ ಅವಳು ಹಾಗೆ ಕೇಳುವವಳೇ ಅಲ್ಲ.

ಇದನ್ನು ಅತ್ತೆಗೆ ಹೇಗೆ ಹೇಳಲಿ? ಅವರದೂ ಪ್ರೀತಿಯೇ. ಸಿಟ್ಟಿನಲ್ಲಿದ್ದರೂ ಖಾಲಿ ಡಬ್ಬಿ ಕಳಿಸಬಾರದು ಅಂತ ಮೇಲಿನ ಅಂತಸ್ತಿಗೆ ಚಟ್ನಿಪುಡಿ ತುಂಬಿಸಿ ಕೊಟ್ಟರು. ಇವಳು ಅಲ್ಲೇ ಬೆರಳಲ್ಲಿ ನೆಕ್ಕಿ, "ಉಪ್ಪು ಜಾಸ್ತಿ ಆಯ್ತು ಅಮ್ಮಾ" ಅಂದಳು. ಅತ್ತೆ ಮುಖ ನೋಡಬೇಕಿತ್ತು.

ಗೇಟಿನ ಹತ್ತಿರ ಹೋದವಳು ನಿಂತಳು. "ಮಂಗಳವಾರ ಅಮ್ಮಂಗೆ ಕಣ್ಣಿನ ಪೊರೆ ಆಪರೇಷನ್. ನನಗೆ ರಜಾ ಸಿಗಲ್ಲ. ನೀನು ಬೆಳಿಗ್ಗೆಯಿಂದ ಜೊತೆಗಿರ್ತೀಯಲ್ಲ? ನಿಂಗೆ ಆಸ್ಪತ್ರೆ ಅಂದ್ರೆ ಈಗ ತವರುಮನೆ ಇದ್ದಂಗೆ."

ಎಷ್ಟು ಗಂಟೆಗೆ ಅಂತ ಕೇಳಿದೆ. ಏಳೂವರೆಗೆ ಅಂತೆ. ಅತ್ತೆಗೆ ಇನ್ನೂ ಹೇಳಿಲ್ಲ.