ಹೆಚ್ಚು ಕೊಡಬಾರದು ಎನ್ನುವ ಕಾನೂನು

ಕಳೆದ ಮಳೆಗಾಲದಲ್ಲಿ ಮಂಗಳೂರಿನ ಕರಂಗಲ್ಪಾಡಿಯ ನನ್ನ ಕಚೇರಿಗೆ ಬಂದ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯೊಬ್ಬರು, ಒದ್ದೆಯಾಗದಂತೆ ಎರಡು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಸುತ್ತಿ ತಂದಿದ್ದ ಕಾಗದಗಳನ್ನು ಒಂದೊಂದಾಗಿ ಬಿಡಿಸಿ ಮೇಜಿನ ಮೇಲೆ ಹರಡಿದರು. ಆಧಾರ್ ಕಾರ್ಡು, ಜಿಲ್ಲಾಧಿಕಾರಿಗಳ ಕಚೇರಿಯಿಂದ ಪಡೆದ ಗುರುತಿನ ಪ್ರಮಾಣಪತ್ರ, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕ ಎಲ್ಲವೂ ಇದ್ದವು, ಎಲ್ಲದರಲ್ಲೂ ಹೆಸರು ಒಂದೇ ರೀತಿಯಲ್ಲಿತ್ತು. ಐದು ವಾರಗಳಲ್ಲಿ ಅವರು ಹನ್ನೊಂದು ಬಾಡಿಗೆ ಮನೆಗಳನ್ನೂ ನಾಲ್ಕು ಪಿಜಿಗಳನ್ನೂ ನೋಡಿ ಬಂದಿದ್ದರು. ಫೋನಿನಲ್ಲಿ ಖಾಲಿ ಇದ್ದ ಕೋಣೆ, ಅವರು ಬಾಗಿಲಿಗೆ ಹೋಗಿ ನಿಲ್ಲುವಷ್ಟರಲ್ಲಿ ಬೇರೆಯವರಿಗೆ ಹೋಗಿರುತ್ತಿತ್ತು. "ನೀವು ಕಾನೂನು ಓದಿದವರು ಮೇಡಂ, ನಾನು ಯಾರ ಮೇಲೆ ದೂರು ಕೊಡಬೇಕು ಹೇಳಿ" ಎಂದು ಅವರು ಕೇಳಿದಾಗ ನನ್ನಲ್ಲಿ ನೇರವಾದ ಉತ್ತರವಿರಲಿಲ್ಲ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ಸಂಸತ್ತು ಅಂಗೀಕರಿಸಿ 2020ರ ಜನವರಿ 10ರಂದು ಜಾರಿಗೆ ಬಂದ ತೃತೀಯ ಲಿಂಗಿಗಳ ಹಕ್ಕುಗಳ ರಕ್ಷಣಾ ಕಾಯ್ದೆಯ ಮೂರನೆಯ ಕಲಂ, ಶಿಕ್ಷಣ, ಉದ್ಯೋಗ ಮತ್ತು ಆರೋಗ್ಯ ಸೇವೆಯ ಜೊತೆಗೆ ಮನೆ ಕೊಳ್ಳುವ ಹಾಗೂ ಬಾಡಿಗೆಗೆ ಪಡೆಯುವ ವಿಚಾರದಲ್ಲಿಯೂ ತಾರತಮ್ಯ ಸಲ್ಲದು ಎಂದಿತು. ಆದರೆ ಶಿಕ್ಷೆಯನ್ನು ಹೇಳುವ ಹದಿನೆಂಟನೆಯ ಕಲಂ, ಅದು ಅಂಗೀಕಾರವಾದ ರೂಪದಲ್ಲಿ, ಜೀತ, ಸಾರ್ವಜನಿಕ ಸ್ಥಳಗಳಿಗೆ ಪ್ರವೇಶ ನಿರಾಕರಣೆ, ಮನೆಯಿಂದಲೋ ಊರಿನಿಂದಲೋ ಹೊರಹಾಕುವುದು, ದೈಹಿಕ ಮತ್ತು ಮಾನಸಿಕ ಹಿಂಸೆ ಇವುಗಳಿಗೆ ಆರು ತಿಂಗಳಿಂದ ಎರಡು ವರ್ಷದ ಸೆರೆವಾಸವನ್ನು ವಿಧಿಸಿತೇ ಹೊರತು, ಕೋಣೆ ಕೊಡದೆ ಕಳುಹಿಸಿದವರಿಗೆ ಏನಾಗಬೇಕು ಎಂಬುದನ್ನು ಹೇಳಲಿಲ್ಲ. ಹಕ್ಕು ಒಂದು ಕಲಮಿನಲ್ಲಿದೆ, ಅದನ್ನು ಮುರಿದವರನ್ನು ಕೇಳುವವರು ಯಾವ ಕಲಮಿನಲ್ಲೂ ಇಲ್ಲ. ಈ ಸಂದನ್ನು ಊರಿನ ಪಾಲಿಕೆಯಾದರೂ ಮುಚ್ಚಬಹುದೇ ಎಂದು ಹುಡುಕುತ್ತಾ ಹೋದಾಗ, ಹಾಗೆ ಮುಚ್ಚಲು ಹೊರಟ ಅಮೆರಿಕದ ಒಂದು ನಗರಕ್ಕೆ ಏನಾಯಿತು ಎಂಬುದನ್ನು ವಿವರವಾಗಿ ಓದಿದೆ.

ಉತ್ತರ ಕೆರೊಲಿನಾ ರಾಜ್ಯದ ಶಾರ್ಲಟ್ ನಗರಸಭೆ 2016ರ ಫೆಬ್ರವರಿ 22ರಂದು ಏಳು ನಾಲ್ಕು ಮತಗಳಿಂದ ಒಂದು ನಿಯಮವನ್ನು ಅಂಗೀಕರಿಸಿತು. ಹೋಟೆಲು, ಅಂಗಡಿ, ಬಾಡಿಗೆ ಕಾರುಗಳಲ್ಲಿ ಮತ್ತು ನಗರಸಭೆಯ ಗುತ್ತಿಗೆದಾರರ ವ್ಯವಹಾರದಲ್ಲಿ ಲೈಂಗಿಕ ಒಲವಿನ ಅಥವಾ ಲಿಂಗತ್ವದ ಕಾರಣಕ್ಕೆ ಯಾರನ್ನೂ ನಿರಾಕರಿಸಬಾರದು ಎಂಬುದು ಅದರ ಸಾರ. ಅದು ಜಾರಿಗೆ ಬರಬೇಕಾಗಿದ್ದುದು ಏಪ್ರಿಲ್ 1ಕ್ಕೆ. ಮಾರ್ಚ್ 23ರಂದು ರಾಜ್ಯದ ಶಾಸನಸಭೆ ವಿಶೇಷ ಅಧಿವೇಶನ ಸೇರಿ, ಒಂದೇ ದಿನದಲ್ಲಿ ಎಚ್‌ಬಿ 2 ಎಂಬ ಮಸೂದೆಯನ್ನು ಮಂಡಿಸಿ, ಚರ್ಚಿಸಿ, ಅಂಗೀಕರಿಸಿತು. ರಾಜ್ಯಪಾಲ ಪ್ಯಾಟ್ ಮೆಕ್ರೋರಿ ಅದೇ ರಾತ್ರಿ ಸಹಿ ಹಾಕಿದರು. (ಅಲ್ಲಿನ ರಾಜ್ಯಪಾಲರು ಜನರಿಂದ ಚುನಾಯಿತರಾಗುವವರು, ನಮ್ಮ ಮುಖ್ಯಮಂತ್ರಿಯ ಹಾಗೆ.) ಸರ್ಕಾರಿ ಕಟ್ಟಡಗಳಲ್ಲಿ ಪ್ರತಿಯೊಬ್ಬರೂ ಜನನ ಪ್ರಮಾಣಪತ್ರದಲ್ಲಿರುವ ಲಿಂಗಕ್ಕೆ ಹೊಂದುವ ಶೌಚಾಲಯವನ್ನೇ ಬಳಸಬೇಕು ಎಂಬ ಭಾಗದ ಬಗ್ಗೆ ಜಗತ್ತೆಲ್ಲ ಮಾತಾಡಿತು. ನನ್ನನ್ನು ತಡೆದು ನಿಲ್ಲಿಸಿದ್ದು ಅದೇ ಕಾನೂನಿನ ಇನ್ನೆರಡು ಭಾಗಗಳು: ರಾಜ್ಯದ ಪಟ್ಟಿಯಲ್ಲಿಲ್ಲದ ಯಾರಿಗೂ ಯಾವ ನಗರವೂ ತಾನಾಗಿ ತಾರತಮ್ಯದಿಂದ ರಕ್ಷಣೆ ಕೊಡುವಂತಿಲ್ಲ, ಮತ್ತು ಖಾಸಗಿ ಕೆಲಸಗಾರರಿಗೆ ರಾಜ್ಯದ ಕನಿಷ್ಠ ವೇತನಕ್ಕಿಂತ ಹೆಚ್ಚಿನ ಕನಿಷ್ಠ ವೇತನವನ್ನು ಯಾವ ನಗರವೂ ಗೊತ್ತುಮಾಡುವಂತಿಲ್ಲ.

ಕನಿಷ್ಠ ವೇತನ ಎಂಬ ಮಾತು ನನಗೆ ಕಾನೂನು ಕಾಲೇಜಿಗಿಂತ ಮೊದಲೇ ನಮ್ಮ ಮನೆಯ ಚಾವಡಿಯಲ್ಲಿ ಪರಿಚಯವಾದದ್ದು. ಅಮ್ಮ ಬೀಡಿ ಕಟ್ಟುತ್ತಿದ್ದರು. ನೀರು ಚಿಮುಕಿಸಿದ ಎಲೆಯನ್ನು ತಗಡಿನ ಅಳತೆಗೆ ಕತ್ತರಿಸಿ, ಮಡಿಲಲ್ಲಿಟ್ಟ ತಡ್ಪೆಯಿಂದ ಹೊಗೆಸೊಪ್ಪಿನ ಪುಡಿ ತುಂಬಿ, ಸುರುಳಿ ಮಾಡಿ, ತುದಿಯನ್ನು ಉಗುರಿನಿಂದ ಮಡಿಚಿ, ನೂಲು ಸುತ್ತುವ ಆ ಕೆಲಸದಲ್ಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಕಟ್ಟು ಬಿಚ್ಚಿ ನೋಡಿ ಒಂದಷ್ಟನ್ನು ತೆಗೆದುಹಾಕಿದ ಮೇಲೆ ಉಳಿದದ್ದಕ್ಕೆ ಮಜೂರಿ. 1948ರ ಕನಿಷ್ಠ ವೇತನ ಕಾಯ್ದೆಯ ಹೆಸರು ಅಮ್ಮನಿಗೆ ಗೊತ್ತಿರಲಿಲ್ಲ, ಆದರೆ ಸರ್ಕಾರ ಗೊತ್ತುಮಾಡಿದ ದರಕ್ಕಿಂತ ಕಡಿಮೆ ಕೊಡಬಾರದು ಎಂಬುದು ಓಣಿಯ ಎಲ್ಲ ಹೆಂಗಸರಿಗೂ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಕೊಡಬಾರದು ಎಂದು ಸರ್ಕಾರ ಹೇಳಬಹುದೆಂಬ ಕಲ್ಪನೆ ಮಾತ್ರ ಅವರಲ್ಲಿ ಒಬ್ಬರಿಗೂ ಬಂದಿರಲಾರದು. ಎಚ್‌ಬಿ 2 ಹೇಳಿದ್ದು ಅದನ್ನೇ, ಕೂಲಿಯ ವಿಷಯದಲ್ಲೂ ಮನುಷ್ಯರ ಘನತೆಯ ವಿಷಯದಲ್ಲೂ. ಮೇಲಿನ ಸರ್ಕಾರವು ಇದಕ್ಕಿಂತ ಕೆಳಗೆ ಇಳಿಯಬಾರದು ಎಂಬ ಗೆರೆ ಎಳೆಯುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಇದಕ್ಕಿಂತ ಮೇಲೆ ಏರಬಾರದು ಎಂಬ ಗೆರೆಯನ್ನು ಒಪ್ಪಲು ನನಗೆ ಒಂದು ಕಾರಣವೂ ಸಿಕ್ಕಿಲ್ಲ.

ಆ ಕಾನೂನಿನ ಪರವಾಗಿದ್ದವರು ಎರಡು ಕಾರಣಗಳನ್ನು ಕೊಟ್ಟರು. ಊರಿಗೊಂದು ನಿಯಮವಾದರೆ ವ್ಯಾಪಾರಿಗಳಿಗೆ ತೊಂದರೆ ಎಂಬುದು ಮೊದಲನೆಯದು. ಊರಿನಿಂದ ಊರಿಗೆ ಕಟ್ಟಡದ ನಿಯಮ, ಕಸದ ನಿಯಮ, ಪರವಾನಗಿ ಶುಲ್ಕ ಎಲ್ಲವೂ ಬದಲಾಗುವಾಗ ಸಹಿಸಿಕೊಳ್ಳುವ ವ್ಯಾಪಾರಕ್ಕೆ, ಬಂದ ಗಿರಾಕಿಯನ್ನು ಹೊರಗೆ ಕಳುಹಿಸಬೇಡ ಎನ್ನುವ ನಿಯಮವೊಂದೇ ಭಾರವಾಗುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ನಿಜವಾಗಿ ನಡೆದದ್ದಾದರೂ ಏನು? ಆ ಕಾನೂನನ್ನು ವಿರೋಧಿಸಿ ಪೇಪಾಲ್ ಕಂಪನಿ ಶಾರ್ಲಟ್‌ನಲ್ಲಿ ತೆರೆಯಬೇಕಾಗಿದ್ದ 400 ಉದ್ಯೋಗಗಳ ಕೇಂದ್ರವನ್ನು ಕೈಬಿಟ್ಟಿತು, 2017ರ ಎನ್‌ಬಿಎ ಆಲ್‌ಸ್ಟಾರ್ ಬಾಸ್ಕೆಟ್‌ಬಾಲ್ ಪಂದ್ಯ ನ್ಯೂ ಆರ್ಲಿಯನ್ಸ್‌ಗೆ ಹೋಯಿತು. ಎರಡನೆಯದು ಮಹಿಳೆಯರ ಸುರಕ್ಷತೆ. ರಾತ್ರಿ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾದು ಅಭ್ಯಾಸವಿರುವ ಹೆಂಗಸಾಗಿ ನಾನು ಆ ಭಯವನ್ನು ಹಗುರವಾಗಿ ಕಾಣಲಾರೆ. ಆದರೆ ಹೆಂಗಸರಿಗೆ ತೊಂದರೆ ಕೊಡುವುದು ಶಾರ್ಲಟ್‌ನ ನಿಯಮದ ಮೊದಲೂ ಅಪರಾಧವಾಗಿತ್ತು, ನಂತರವೂ ಅಪರಾಧವಾಗಿಯೇ ಇರುತ್ತಿತ್ತು. ಒಬ್ಬ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯನ್ನು ಗಂಡಸರ ಶೌಚಾಲಯಕ್ಕೆ ಕಳುಹಿಸುವುದರಿಂದ ಅಪಾಯಕ್ಕೆ ಸಿಲುಕುವವರು ಅವರೇ ಹೊರತು, ಸುರಕ್ಷಿತರಾಗುವವರು ಯಾರೂ ಇಲ್ಲ.

ಹಾಗೆಂದು ಊರಿನ ಆಡಳಿತವೆಲ್ಲ ದಯಾಳು, ಮೇಲಿನ ಸರ್ಕಾರವೆಲ್ಲ ಕ್ರೂರ ಎಂದು ನಾನು ಹೇಳುತ್ತಿಲ್ಲ. ನಮ್ಮ ದೇಶದಲ್ಲಿ ಈ ಸಮುದಾಯಕ್ಕೆ ಸಿಕ್ಕ ಅತಿ ದೊಡ್ಡ ಆಸರೆ ಬಂದದ್ದು ದೆಹಲಿಯಿಂದಲೇ: ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ (ನಾಲ್ಸಾ) ಹೂಡಿದ್ದ ಪ್ರಕರಣದ 2014ರ ಏಪ್ರಿಲ್ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ತಮ್ಮ ಲಿಂಗತ್ವವನ್ನು ತಾವೇ ಹೇಳಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು. ನಮ್ಮದೇ ರಾಜ್ಯವು 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಂ ಸೇರಿಸಿ, ಒಂದು ಸಮುದಾಯದ ಹೆಸರನ್ನೇ ಬರೆದು, ಸಂಶಯವಿದ್ದವರ ಪಟ್ಟಿ ಇಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದ ಮೇಲೆ ಆ ಪದವನ್ನು ತೆಗೆಯಲಾಯಿತು. ಅದೇ ರಾಜ್ಯ 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಎಲ್ಲ ವರ್ಗಗಳೊಳಗೂ ಶೇಕಡಾ 1ರಷ್ಟು ಮೀಸಲಾತಿಯನ್ನು ನೀಡಿ, ದೇಶದಲ್ಲೇ ಮೊದಲನೆಯದಾಯಿತು. ಹಾಗಾಗಿ ಯಾವ ಮಟ್ಟದ ಸರ್ಕಾರ ಎಂಬುದಕ್ಕಿಂತ, ಕೊಡುತ್ತಿದೆಯೋ ಕಿತ್ತುಕೊಳ್ಳುತ್ತಿದೆಯೋ ಎಂಬುದನ್ನು ನೋಡಬೇಕು ಎನ್ನುತ್ತೇನೆ.

ಈ ಭೇದವನ್ನು ಅಮೆರಿಕದ ಸುಪ್ರೀಂ ಕೋರ್ಟು ಒಮ್ಮೆ ಸ್ಪಷ್ಟವಾಗಿ ಕಂಡಿತ್ತು. ಡೆನ್ವರ್, ಬೌಲ್ಡರ್ ಮತ್ತು ಆಸ್ಪೆನ್ ನಗರಗಳು ಸಲಿಂಗಿಗಳಿಗೆ ಕೊಟ್ಟಿದ್ದ ರಕ್ಷಣೆಯನ್ನು ಅಳಿಸಿಹಾಕಿ, ಮುಂದೆಯೂ ಕೊಡದಂತೆ ಕೊಲೊರಾಡೊ ರಾಜ್ಯ 1992ರಲ್ಲಿ ತನ್ನ ಸಂವಿಧಾನವನ್ನೇ ತಿದ್ದಿದಾಗ, 1996ರ ರೋಮರ್ ಪ್ರಕರಣದಲ್ಲಿ ಆರು ನ್ಯಾಯಮೂರ್ತಿಗಳ ಬಹುಮತ ಆ ತಿದ್ದುಪಡಿಯನ್ನು ರದ್ದುಮಾಡಿತು. ಆದರೂ ಟೆನ್ನೆಸ್ಸೀ 2011ರಲ್ಲಿ, ಅರ್ಕಾನ್ಸಾ 2015ರಲ್ಲಿ ಸಮುದಾಯದ ಹೆಸರನ್ನೇ ಎತ್ತದೆ, ಏಕರೂಪತೆ ಎಂಬ ಮಾತಿನಿಂದ ಅದೇ ಕೆಲಸವನ್ನು ಮಾಡಿದವು. ಉತ್ತರ ಕೆರೊಲಿನಾ 2017ರ ಮಾರ್ಚ್‌ನಲ್ಲಿ ಎಚ್‌ಬಿ 2ನ್ನು ಹಿಂತೆಗೆದುಕೊಂಡಿತಾದರೂ 2020ರ ಡಿಸೆಂಬರ್ 1ರ ತನಕ ಊರುಗಳ ಕೈ ಕಟ್ಟಿಯೇ ಇಟ್ಟಿತು. ಆ ಅವಧಿ ಮುಗಿದು ಎರಡು ತಿಂಗಳೊಳಗೆ ಹಿಲ್ಸ್‌ಬರೋ ಎಂಬ ಪುಟ್ಟ ಊರು ತನ್ನ ನಿಯಮವನ್ನು ಅಂಗೀಕರಿಸಿತು; ಶಾರ್ಲಟ್ 2021ರ ಆಗಸ್ಟ್‌ನಲ್ಲಿ. ಐದು ವರ್ಷಗಳ ಕಾಲ ಅಲ್ಲಿ ಕೋಣೆ ಹುಡುಕಿದವರ ಪಾಡನ್ನು ನಾನು ಆ ಹನ್ನೊಂದು ಮನೆಗಳ ಮೂಲಕವಷ್ಟೇ ಊಹಿಸಬಲ್ಲೆ.

ನಮ್ಮಲ್ಲಿ ಪಾಲಿಕೆ ರಾಜ್ಯವನ್ನು ಎದುರಿಸಿ ನಿಲ್ಲುವ ಪ್ರಶ್ನೆಯೇ ಏಳುವುದಿಲ್ಲ. ಸ್ಥಳೀಯ ಆಡಳಿತ ಸಂವಿಧಾನದ ರಾಜ್ಯ ಪಟ್ಟಿಯ ವಿಷಯ, ಮಂಗಳೂರು ಪಾಲಿಕೆ 1976ರ ಕಾಯ್ದೆಯ ಕೂಸು, ಅದರ ಬೈಲಾಗಳಿಗೆ ಸರ್ಕಾರದ ಮಂಜೂರಾತಿ ಬೇಕು. ಆದರೆ ಬೆಂಗಳೂರಿನಲ್ಲಿ ಮಾಡಿದ ಒಳ್ಳೆಯ ನಿಯಮವೂ ಇಲ್ಲಿಗೆ ತಲುಪುವಾಗ ಜಾರಿಹೋಗುವುದುಂಟು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೂ ಲಿಂಗತ್ವ ಅಲ್ಪಸಂಖ್ಯಾತರಿಗೂ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ. ಮಂಗಳೂರು ಮತ್ತು ಉಡುಪಿಯಲ್ಲಿ ಸಿಟಿ ಬಸ್ಸುಗಳ ಪೈಕಿ ಬಹುತೇಕ ಖಾಸಗಿಯವು. ನನ್ನ ಬಳಿ ಬಂದವರು ಪ್ರತಿದಿನ ಟಿಕೆಟ್ ಕೊಂಡು ಕಂಕನಾಡಿಗೆ ಹೋಗಿಬರುತ್ತಾರೆ, ಮತ್ತು ಬಸ್ಸು ತುಂಬಿ "ದುಂಬು ಪೋಲೆ" (ಮುಂದೆ ಹೋಗಿ) ಎಂದು ಕಂಡಕ್ಟರ್ ಕೂಗುತ್ತಿದ್ದರೂ ತಮ್ಮ ಪಕ್ಕದ ಸೀಟು ಖಾಲಿಯೇ ಉಳಿಯುತ್ತದೆ ಎಂದರು. ಇಂಥದ್ದು ಹತ್ತಿರದಿಂದ ನೋಡುವವರಿಗೆ ಮಾತ್ರ ಕಾಣುತ್ತದೆ.

ಪಾಲಿಕೆಯ ಕೈಯಲ್ಲಿ ಒಂದು ಸಾಧನವಿದೆ, ಅದು ಉದ್ದಿಮೆ ಪರವಾನಗಿ. ಖಾಸಗಿ ಮನೆ ಮಾಲೀಕರನ್ನು ಅದು ಮುಟ್ಟದಿದ್ದರೂ ಲಾಡ್ಜು, ಪಿಜಿ, ಹೋಟೆಲುಗಳನ್ನು ಮುಟ್ಟುತ್ತದೆ. ಲಿಂಗತ್ವದ ಕಾರಣಕ್ಕೆ ಕೋಣೆಯನ್ನಾಗಲೀ ಸೇವೆಯನ್ನಾಗಲೀ ನಿರಾಕರಿಸಬಾರದು ಎಂಬ ಒಂದು ಷರತ್ತನ್ನು ಪರವಾನಗಿಗೆ ಸೇರಿಸಬೇಕು, ಸರ್ಕಾರ ಅದಕ್ಕೆ ಮಂಜೂರಾತಿ ನೀಡಬೇಕು ಎಂದು ನಾವಿಬ್ಬರೂ ಕುಳಿತು ಮನವಿ ಬರೆದೆವು. ಕರಡನ್ನು ಓದಿ ಹೇಳಿದಾಗ ಅವರು ನಡುವೆ ನನ್ನನ್ನು ತಡೆದರು. "ನಿರಾಕರಿಸಬಾರದು ಅಂತ ಮಾತ್ರ ಬರೆದರೆ ಸಾಲದು ಮೇಡಂ. ನಾಲ್ಕು ಪಿಜಿಗಳಲ್ಲಿ ಇಬ್ಬರು ಇಲ್ಲ ಎನ್ನಲಿಲ್ಲ, ಉಳಿದವರಿಗಿಂತ ಮೂರು ಪಟ್ಟು ಮುಂಗಡ ಕೇಳಿದರು. ಅದನ್ನೂ ಸೇರಿಸಿ." ನಾನು ನಿರಾಕರಣೆ ಎಂಬ ಪದದ ಮುಂದೆ ಗುರುತು ಹಾಕಿ, ಸಾಲಿನ ಮೇಲೆ ಮುಂಗಡ ಎಂದು ಬರೆದೆ.